ಮೂರು ಕಡೆ ಇಡುವ ದಿನಕರ

ಕೇಳಿದ್ದನ್ನು ರೆಪ್ಪೆ ಬಡಿಯುವಷ್ಟರಲ್ಲಿ ಹುಡುಕಿಕೊಡುವ ಸರ್ವರ್‌ಗಳನ್ನು ದೊಡ್ಡ ಕಂಪನಿಗಳಿಗಾಗಿ ಕ್ಲೌಡಿನಲ್ಲಿ ನಿಲ್ಲಿಸಿ, ಅಣ್ಣಿಗೇರಿಯ ಮಾಳಿಗೆಯ ಕೋಣೆಯಲ್ಲಿ ಕೂತು ಕಾಯುವುದು ದಿನಕರನ ಕೆಲಸ. ದಿನಕರನನ್ನು ಕಾಯುವುದು ಹೆಂಡತಿ ಗೌತಮಿಯದು. ಯಾರಾದರೂ "ಆರಾಮ ಇದ್ದೀರೇನ್ರಿ?" ಎಂದರೆ "ಎಲ್ಲಾ ಹಸರ ಅದರಿ" ಎನ್ನುತ್ತಾನೆ, ಅವನ ಪರದೆಯಲ್ಲಿ ಹಸಿರು ಇದ್ದರೆ ಕ್ಷೇಮ, ಕೆಂಪಾದರೆ ಪ್ರಳಯ. ಒಂದು ಯಂತ್ರ ಕೆಟ್ಟರೂ ಮಾಹಿತಿ ಕಳೆಯಬಾರದೆಂದು ಅದರ ಮೂರು ಪ್ರತಿಗಳನ್ನು ಬೇರೆ ಬೇರೆ ಕಡೆ ಇಡುವುದು ಅವನ ಕಸುಬಿನ ನೇಮ. ಆ ನೇಮ ಈಗ ಮಾಳಿಗೆ ಇಳಿದು ಅಡುಗೆಮನೆಗೂ ಬಂದಿದೆ. ಮನೆಯ ಕೀಲಿ ಮೂರು ಮನೆಗಳಲ್ಲಿ, ಉಪ್ಪು ಮೂರು ಭರಣಿಗಳಲ್ಲಿ, ಇರುವ ಒಂದು ಮೂಗಿಗೆ ಕನ್ನಡಕ ಮೂರು. "ಹೆಂಡ್ತಿ ಒಬ್ಬಾಕಿನ ಇದ್ದೀನಲ್ರೀ, ನನ್ನ ಪ್ರತಿ ಎಲ್ಲೆ ಇಟ್ಟೀರಿ?" ಎಂದು ಗೌತಮಿ ಕೆಣಕಿದರೆ, "ನೀ ಕೆಡೂ ಮಶೀನ ಅಲ್ಲ ಬಿಡು" ಎಂದು ಚಹಾ ಹೀರುತ್ತಾನೆ. ಇಷ್ಟಾಗಿಯೂ ಬೇಕಾದಾಗ ಒಂದು ಕನ್ನಡಕವೂ ಅವನ ಕೈಗೆ ಸಿಗುವುದಿಲ್ಲ, ಹುಡುಕಿಕೊಡುವವಳು ಅವಳೇ. ಮೊನ್ನೆ ಹಾಗೆ ಕಪಾಟು ತಡಕಾಡಿದಾಗ, ಚಾರ್ಜು ಮಾಡಿಟ್ಟ ಮೂರು ಹಳೆಯ ಫೋನುಗಳು ಸಿಕ್ಕವು. ಮೂರರಲ್ಲೂ ಇದ್ದದ್ದು ಹೋದ ವರ್ಷ ತೀರಿಕೊಂಡ ದಿನಕರನ ತಾಯಿ ಮಥುರಾಬಾಯಿಯ ದನಿಯಲ್ಲಿ ಒಂದೇ ಮಾತು: "ದಿನೂ, ಊಟಾ ಆತೇನೋ?" ಗೌತಮಿ ತನ್ನ ಫೋನಿಗೂ ಒಂದು ಪ್ರತಿ ಹಾಕಿಕೊಂಡಳು.