ದೊಡ್ಡ ತಟ್ಟೆಯ ಪುಂಡಿಪಲ್ಯ

ತಿನ್ನುವ ವಿಷಯದಲ್ಲಿ ನನಗೆ ಪಕ್ಷಭೇದವಿಲ್ಲ. ಕಮಲಾಪುರದ ನಮ್ಮ ಹೊಲದ ಬದುವಿನ ಮೇಲೆ ಕೂತು, ಬಿಸಿ ಜೋಳದ ರೊಟ್ಟಿಯನ್ನು ಅಂಗೈಯಲ್ಲೇ ಇಟ್ಟುಕೊಂಡು, ಹುಳಿ ಸೊಪ್ಪಿನ ಪುಂಡಿಪಲ್ಯ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿಯ ಜೊತೆ ಹೊಡೆದವಳು ನಾನು. ಕಲಬುರಗಿಯ ದೊಡ್ಡ ಹೋಟೆಲಿನ ಎಸಿಯಲ್ಲಿ, ತೊಡೆಯ ಮೇಲೆ ಬಿಳಿ ಬಟ್ಟೆ ಹಾಸಿಕೊಂಡು, ಹೆಸರು ಹೇಳಲು ಬಾರದ ಸೂಪನ್ನು ಚಪ್ಪರಿಸಿದವಳೂ ನಾನೇ. ಜೇವರ್ಗಿ ಕಾಲೋನಿಯ ನಮ್ಮ ಓಣಿಯಲ್ಲಿ ಇದಕ್ಕೇ ಜಗಳ. ಒಬ್ಬರಿಗೆ ಹೊಲದ ಊಟವೇ ಊಟ, ಉಳಿದದ್ದೆಲ್ಲ ಸೋಗು. ಇನ್ನೊಬ್ಬರು ರೊಟ್ಟಿ ಅಂದರೆ ಮೂಗು ಮುರಿಯುತ್ತಾರೆ. ನನಗೆ ಇಬ್ಬರ ಮೇಲೂ ಸಿಟ್ಟು. ಎರಡೂ ಸವಿಯಲು ಇವರ ನಾಲಿಗೆಗೆ ಏನು ಧಾಡಿ?

ನನ್ನ ಮಗಳು ಅಡುಗೆಯನ್ನೇ ಓದಿ, ಅದೇ ದೊಡ್ಡ ಹೋಟೆಲಿನ ಅಡುಗೆಮನೆ ಸೇರಿದ್ದಾಳೆ. ಕಳೆದ ಚಳಿಗಾಲದಲ್ಲಿ ಮೊದಲ ಸಲ ಅವಳದೇ ಒಂದು ಪದಾರ್ಥ ಹೋಟೆಲಿನ ಮೆನುವಿಗೆ ಹತ್ತಿತು. ಬೇರೆ ಯಾವುದೂ ಅಲ್ಲ, ಅವಳು ಅಜ್ಜಿಯಿಂದ ಕಲಿತ ಪುಂಡಿಪಲ್ಯ. ಅಜ್ಜಿ ಅಂದರೆ ನಮ್ಮವ್ವ, ಕಮಲಾಪುರದಲ್ಲಿ ಅಣ್ಣನ ಸಂಸಾರದ ಜೊತೆ ಇದ್ದಾಳೆ. ಮಗಳು ಅಡುಗೆ ಓದುತ್ತೇನೆ ಅಂದಾಗ ನೆಂಟರೆಲ್ಲ ನಕ್ಕಿದ್ದರು. ಅವ್ವ ನಗಲಿಲ್ಲ, ಆದರೆ ಛಲೋ ಆತು ಅಂತಲೂ ಅನ್ನಲಿಲ್ಲ. ಹುಡುಗಿಗೆ ಅದೇ ಒಳಗೊಳಗೆ ಕೊರೆಯುತ್ತಿತ್ತು. “ಅಜ್ಜಿ ಉಂಡು ಛಲೋ ಆಗ್ಯಾದ ಅಂದ್ರ ಸಾಕು, ಉಳಿದವರು ಏನರ ಅನ್ಲಿ,” ಎಂದು ಎಂಟು ದಿನ ಅದೇ ಜಪ.

ಭಾನುವಾರ ಮಧ್ಯಾಹ್ನ ಅವ್ವನನ್ನು ಬಸ್ ಸ್ಟ್ಯಾಂಡಿನಿಂದ ಸೀದಾ ಹೋಟೆಲಿಗೆ ಕರೆದುಕೊಂಡು ಹೋದೆ. ಮೊಮ್ಮಗಳ ಕೈಯೂಟವೆಂದು ಬೆಳಿಗ್ಗೆಯಿಂದ ಒಂದು ಲೋಟ ಚಹಾ ಬಿಟ್ಟರೆ ಏನೂ ಮುಟ್ಟಿರಲಿಲ್ಲವಂತೆ. ಹೋಟೆಲು ಕಿಕ್ಕಿರಿದಿತ್ತು. ನಮ್ಮ ಮುಂದೆ ಪರಾತದಷ್ಟು ದೊಡ್ಡ ಬಿಳಿ ತಟ್ಟೆಗಳು ಬಂದವು. ನಟ್ಟನಡುವೆ ಎರಡು ಚಮಚೆ ಪುಂಡಿಪಲ್ಯ, ಪಕ್ಕದಲ್ಲಿ ಅರ್ಧ ಅಂಗೈಯಗಲದ ಎರಡು ರೊಟ್ಟಿ. ಅವ್ವ ತಟ್ಟೆ ನೋಡಿದಳು. ತಿರುಗಿ ಅಕ್ಕಪಕ್ಕದ ಟೇಬಲ್ಲುಗಳನ್ನೂ ನೋಡಿದಳು. ಆಮೇಲೆ ತಟ್ಟೆಯನ್ನು ಮೆಲ್ಲಗೆ ನನ್ನ ಕಡೆ ಸರಿಸಿದಳು.

“ನನಗ ಹಸಿವಿಲ್ಲ. ನೀ ಉಣ್ಣು.”

“ಒಂದು ತುತ್ತರ ತಿನ್ನವ್ವಾ, ಅಕಿ ಕಾಯಾಕತ್ತಾಳ.”

“ಹೊಟ್ಟಿ ತುಂಬ್ಯಾದ ಅಂದ್ನಲ್ಲ.”

ನನಗೆ ನೆತ್ತಿಗೇರಿತು. “ನಿನ್ನ ಸೊಕ್ಕು ಇಲ್ಲಿ ತೋರಿಸಬ್ಯಾಡ,” ಎಂದು ಹಲ್ಲು ಕಚ್ಚಿ ಹೇಳಿದೆ. ಅವ್ವ ಲೋಟ ಎತ್ತಿ ನೀರು ಕುಡಿದಳು.

ಅಷ್ಟರಲ್ಲಿ ಮಗಳು ಬಿಳಿ ಟೋಪಿ ಹಾಕಿಕೊಂಡು ಒಳಗಿನಿಂದ ಓಡಿ ಬಂದಳು. ಮುಟ್ಟದ ತಟ್ಟೆ ನೋಡಿದ್ದೇ ಮುಖ ಚಿಕ್ಕದಾಯಿತು. “ಯಾಕಜ್ಜಿ, ಛಲೋ ಆಗಿಲ್ಲೇನು?”

ಅವ್ವ ಅವಳ ಕೈ ಹಿಡಿದು ಬಗ್ಗಿಸಿಕೊಂಡು ಕಿವಿಯಲ್ಲಿ ಹೇಳಿದಳು: “ಮಂದಿ ಭಾಳ ಬಂದಾರ, ಅಡಿಗಿ ಕಡಿಮಿ ಬಿದ್ದದ. ಎಲ್ಲಾರಿಗೂ ಚೂರುಚೂರು ನೀಡಿ ಸುಧಾರಿಸಾಕತ್ತೀದಿ, ನನಗ ತಿಳೀತದ. ನನ್ನ ಪಾಲು ಯಾರಿಗರ ನೀಡು. ನಿನ್ನ ಮರ್ಯಾದಿ ಉಳೀಲಿ.”

ನಾನು ಕೂತಲ್ಲೇ ಕುಗ್ಗಿದೆ. ಸುಗ್ಗಿಯಲ್ಲಿ ರಾಶಿಯ ದಿನಗಳಲ್ಲಿ ಹೇಳದೆ ಕೇಳದೆ ಮಂದಿ ಬಂದು ಗಡಿಗೆಯ ತಳ ಕಂಡಾಗ, ನಮ್ಮ ಮನೆಯ ಹೆಂಗಸರು ಹೀಗೇ ಹಸಿವಿಲ್ಲ ಅನ್ನುತ್ತಿದ್ದರು. ಬಂದವರಿಗೆ ಸುಳಿವೂ ಸಿಗಬಾರದು. ಚಿಕ್ಕವಳಿದ್ದಾಗ ನಾನೂ ಅದನ್ನು ನಿಜವೆಂದೇ ನಂಬಿ ಅವ್ವನ ಪಾಲಿನ ರೊಟ್ಟಿ ತಿಂದಿದ್ದೇನೆ. ಈಗ ಕೂದಲು ನೆರೆತ ಮೇಲೆ ಅದಕ್ಕೇ ಸೊಕ್ಕು ಅಂದುಬಿಟ್ಟಿದ್ದೆ. ನನ್ನ ಬಾಯಿಗಿಷ್ಟು ಬೆಂಕಿ ಹಾಕ.

ಮಗಳು ನಗಲಿಲ್ಲ. ಅಜ್ಜಿಯ ಕೈ ಹಿಡಿದು ಅಡುಗೆಮನೆಗೆ ಕರೆದೊಯ್ದಳು. ನಾನೂ ಹಿಂದೆ ಹೋದೆ. ದೊಡ್ಡ ಪಾತ್ರೆಯ ಮುಚ್ಚಳ ತೆಗೆದು, “ನೋಡಜ್ಜಿ, ಬೇಕಾದಷ್ಟದ. ಇಲ್ಲಿ ನೀಡೋ ರೀತಿನೇ ಹಂಗ. ಒಂದೊಂದೇ ಸಣ್ಣಗ ನೀಡ್ತೀವಿ, ರುಚಿ ನೋಡ್ಕೋತ ನಿಧಾನ ಉಣ್ಲಿ ಅಂತ,” ಎಂದಳು.

ಅವ್ವ ಬಗ್ಗಿ ಪಾತ್ರೆಯೊಳಗೆ ಇಣುಕಿದಳು. “ಅಯ್ಯ ನಿನ್ನ! ನನ್ನ ಎದಿನೇ ಒಡದಿತ್ತಲ್ಲೇ!” ಎಂದು ಅಂಗೈ ಚಾಚಿದಳು. ಮಗಳು ಅಂಗೈ ಮೇಲೆಯೇ ಪಲ್ಯ ಹಾಕಿದಳು. ಅವ್ವ ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದಳು. ಹುಡುಗಿ ಸೌಟು ಹಿಡಿದು ಹಾಗೇ ನಿಂತಿದ್ದಳು.

“ಪುಂಡಿ ಹುಳಿ ಹದಕ್ಕ ಮುರದೀದಿ,” ಎಂದಳು ಅವ್ವ ಕೊನೆಗೆ. “ನನಗ ಇಷ್ಟು ವರ್ಷ ಆದರೂ ಹಿಂಗ ಬಂದಿಲ್ಲ. ಏನು ಹಾಕೀದಿ? ಊರಿಗೆ ಬಂದಾಗ ನನಗೂ ಕಲಿಸು.”

ಮಗಳು ಟೋಪಿ ತೆಗೆದು ಅದರಲ್ಲೇ ಮುಖ ಮುಚ್ಚಿಕೊಂಡು ಬಿಕ್ಕಳಿಸತೊಡಗಿದಳು.

“ಅಳೋದು ಆಮ್ಯಾಲ. ಮೊದಲ ರೊಟ್ಟಿ ತಾ,” ಎಂದಳು ಅವ್ವ. “ಹಸಿವಿಗೆ ಜೀವ ಹೋಗಾಕತ್ತದ.”