ಮನೆದೇವರ ಹೆಸರಿನ ಪಾಸ್‌ವರ್ಡ್

ಮುಧೋಳ ಭಾಗದ ಒಂದು ಸಕ್ಕರೆ ಕಾರ್ಖಾನೆಯಲ್ಲಿ ನಾನು ಕಂಪ್ಯೂಟರ್ ವಿಭಾಗದ ಮುಖ್ಯಸ್ಥನಾಗಿದ್ದೆ. ಕಬ್ಬಿನ ಗಾಡಿಗಳ ಪಾಳಿ, ತೂಕ ಎಲ್ಲ ಆಗಷ್ಟೇ ಕಂಪ್ಯೂಟರಿಗೆ ಬಂದಿದ್ದವು. ಎಲ್ಲರಿಗಿಂತ ಮೊದಲು ಬಂದು ಯಂತ್ರಗಳನ್ನು ನೋಡಿದ ಮೇಲೆಯೇ ಕುರ್ಚಿಯಲ್ಲಿ ಕೂರುವುದು ನನ್ನ ಪದ್ಧತಿ. ಊಟಕ್ಕೆ ಮಾತ್ರ ತೂಕದ ಮನೆಗೆ ಹೋಗುತ್ತಿದ್ದೆ. ಅಲ್ಲಿಯ ಗುಮಾಸ್ತ ಹುನ್ನೂರಿನವನು, ನನ್ನದೇ ವಯಸ್ಸು. ಅವನ ಸಜ್ಜೆ ರೊಟ್ಟಿ, ನನ್ನ ಚಪಾತಿ ಒಂದೇ ಕಾಗದದ ಮೇಲೆ. ಕಾರ್ಖಾನೆಯಲ್ಲಿ ನನ್ನನ್ನು ‘ಲೇ’ ಎನ್ನುತ್ತಿದ್ದವನು ಅವನೊಬ್ಬನೇ.

ಪಾಸ್‌ವರ್ಡ್ ಹಾಕಿಕೊಳ್ಳಿರಿ ಎಂದಾಗ ನೌಕರರೆಲ್ಲ ತಮ್ಮ ತಮ್ಮ ಮನೆದೇವರ ಹೆಸರು ಹಾಕಿಕೊಂಡರು, ದಿನದ ಕೆಲಸ ದೇವರಿಂದ ಶುರುವಾಗಲಿ ಎಂದು. ನಮ್ಮ ಕಡೆ ಯಾರ ಮನೆದೇವರು ಯಾರೆಂಬುದು ಊರಿಗೆಲ್ಲ ಗೊತ್ತು. ಬೀಗತನಕ್ಕೆ ಮೊದಲು ಕೇಳುವುದೇ ಅದನ್ನು. ಬದಲಿಸಿರಿ ಎಂದು ಹೇಳುತ್ತಲೇ ಇದ್ದೆ.

“ನಮ್ಮ ಬೀರಪ್ಪನ್ನ ತಗದು ಯಾರನ್ನ ಹಚ್ಚಲಿ? ನಿನ್ನ ಹೆಸರ ಹಚ್ಚಲೇನು?” ಎಂದು ಗೆಳೆಯ ನಕ್ಕ.

“ಯಾರಿಗೂ ತಿಳಿಯದ್ದು ಹಾಕು.”

“ಯಾರಿಗೂ ತಿಳೀದಂಗ ಇಡಾಕ ನಾ ಏನ ಕಳ್ಳೇನಲೇ?”

ಒಂದು ಹಂಗಾಮಿನಲ್ಲಿ ಹಿಂದಿನ ಗಾಡಿಗಳು ಪಾಳಿಯಲ್ಲಿ ಮುಂದೆ ಬಂದವು. ಗೇಟಿನಲ್ಲಿ ಜಗಳ ಎದ್ದಿತು. ತೂಕ ನಿಲ್ಲಿಸಿ, ಇಡೀ ವ್ಯವಸ್ಥೆ ಬಂದ್ ಮಾಡಿ ಹುಡುಕಿದೆ. ಬಿಸಿಲಲ್ಲಿ ಕಬ್ಬು ಒಣಗುತ್ತಿತ್ತು. ಗಾಡಿಯವರು ನನ್ನನ್ನೇ ಬೈದರು. ಪಾಳಿ ತಿದ್ದಿದ್ದು ಗೆಳೆಯನ ಹೆಸರಿನಲ್ಲಿ, ಅವನ ಪಾಸ್‌ವರ್ಡ್ ಹಾಕಿ. ಆದರೆ ಆ ಹೊತ್ತಿಗೆ ಅವನು ನನ್ನೆದುರೇ ಊಟಕ್ಕೆ ಕುಳಿತಿದ್ದ. ಹಾಗೆಂದೇ ಮ್ಯಾನೇಜರರಿಗೆ ಹೇಳಿದೆ.

“ಅವ ಮಾಡಿಲ್ಲ, ಖರೆ. ಪಾಸ್‌ವರ್ಡ್ ಎಲ್ಲಾರಿಗೂ ಗೊತ್ತಿತ್ತೋ ಇಲ್ಲೋ, ಅಷ್ಟ ಹೇಳ್ರಿ,” ಎಂದರು ಅವರು.

ಗೊತ್ತಿತ್ತು ಎಂದೆ. ಇಂದು ಕೇಳಿದರೂ ಅದನ್ನೇ ಹೇಳುತ್ತೇನೆ.

ಅವನನ್ನು ಬಿಡಿಭಾಗಗಳ ಸ್ಟೋರಿಗೆ ಹಾಕಿದರು. ಪಾಳಿ ತಿದ್ದಿದವನು ಸಿಗಲೇ ಇಲ್ಲ. ಎಲ್ಲರೂ ಪಾಸ್‌ವರ್ಡ್ ಬದಲಿಸಿದರು. ನಾನು ಹೋದಲ್ಲಿ ಮಾತು ನಿಲ್ಲತೊಡಗಿತು. ಗೆಳೆಯ ಎದುರಾದರೆ ‘ನಮಸ್ಕಾರ್ರಿ ಸಾಹೇಬ್ರ’ ಎಂದು ದಾಟಿಹೋಗುತ್ತಿದ್ದ. ಯಂತ್ರಗಳಿಗಾಗಿ ತಂಪಾಗಿಟ್ಟ ನನ್ನ ಕೋಣೆಯಲ್ಲಿ ಚಪಾತಿ ಬೇಗ ಬಿರುಸಾಗುತ್ತಿತ್ತು.

ಮುಂದೊಂದು ದಿನ ಸ್ಟೋರಿನ ಕಂಪ್ಯೂಟರ್ ತೆರೆಯಲಿಲ್ಲ. ಗೆಳೆಯ ರಜೆಯಲ್ಲಿದ್ದ, ಪಾಸ್‌ವರ್ಡ್ ಬೇರೆ ಯಾರಿಗೂ ಗೊತ್ತಿರಲಿಲ್ಲ. ಇತ್ತ ಗಾಣಕ್ಕೆ ತುರ್ತಾಗಿ ಬೇರಿಂಗ್ ಬೇಕಿತ್ತು; ಕಂಪ್ಯೂಟರಿನಲ್ಲಿ ಬರೆಯದೆ ಸ್ಟೋರಿನಿಂದ ಏನನ್ನೂ ಕೊಡುವಂತಿರಲಿಲ್ಲ. ಅವನನ್ನು ಕೇಳದೆಯೇ ಹೊಸ ಪಾಸ್‌ವರ್ಡ್ ಹಾಕುವ ಅಧಿಕಾರ ನನಗಿತ್ತು. ಆದರೂ ಫೋನ್ ಹಚ್ಚಿದೆ.

“ನಿನ್ನ ಪಾಸ್‌ವರ್ಡ್ ಬೇಕಿತ್ತು.”

“ಯಾರ ಕೇಳಿದ್ರೂ ಹೇಳಬ್ಯಾಡ ಅಂತ ನೀವ ಹೇಳೀರಲ್ರಿ.” ಅವನ ಹಿಂದೆ ಸನಾದಿ ಕೇಳುತ್ತಿತ್ತು.

“ಹೌದು. ಹೇಳಬೇಡ.”

“ಮತ್ತೇನರ ಐತೇನ್ರಿ?”

ಅಷ್ಟರಲ್ಲಿ ಹೆಣ್ಣುದನಿಯೊಂದು, “ಅಕ್ಕಿಕಾಳ ಹೊತ್ತಾತು, ಫೋನ್ ಇಡ್ರಿ,” ಎಂದು ಗದರಿತು.

“ಮತ್ತೇನಿಲ್ಲ,” ಎಂದೆ.

ಪಕ್ಕದಲ್ಲಿ ಕಾಯುತ್ತಿದ್ದ ಫಿಟ್ಟರ್ ಕೇಳಿದ: “ಅವರ ಮಗಳ ಮದಿವಿರಿ ಇವತ್ತ. ನಿಮಗ ಹೇಳಿಲ್ಲೇನ್ರಿ?”

ನಾನು ಹೊಸ ಪಾಸ್‌ವರ್ಡ್ ಹಾಕಿ ಕಂಪ್ಯೂಟರ್ ತೆರೆದುಕೊಟ್ಟೆ. ಫಿಟ್ಟರ್ ಬೇರಿಂಗ್ ತೆಗೆದುಕೊಂಡು ಓಡಿದ.