ದಣಪೆ ಹಾಕದೆ ಹತ್ತಿದ ಏರು

ಅರವತ್ತಕ್ಕೆ ಅರಳುಮರಳು ಅನ್ನುತ್ತಾರೆ. ನನಗೆ ಅದು ಒಂದು ವರ್ಷ ತಡವಾಗಿ ಬಂತು, ಡರ್ಟ್ ಬೈಕಿನ ರೂಪದಲ್ಲಿ. ಈಗ ನನಗೆ ಅರವತ್ತಾರು. ಹುಚ್ಚು ಇನ್ನೂ ಬಿಟ್ಟಿಲ್ಲ.

ಹೊಸನಗರ ಸೀಮೆಯ ಗುಡ್ಡಗಳಲ್ಲಿ ಮೂವತ್ತು ವರ್ಷ ಲೈನ್‌ಮನ್ ಆಗಿ ತಿರುಗಿದವನು ನಾನು. ಯಾವ ಮರ ಯಾವ ತಂತಿಯ ಮೇಲೆ ಬಿದ್ದಿದೆ ಎಂದು ಹುಡುಕುತ್ತ, ಹೆಗಲಿಗೆ ಹಗ್ಗ ಹಾಕಿಕೊಂಡು, ಒಂದೊಂದು ಏರನ್ನೂ ಬೈದುಕೊಂಡೇ ಹತ್ತಿದ್ದೇನೆ. ನಿವೃತ್ತನಾದ ಮೇಲೆ ಅದೇ ದಾರಿಗಳಲ್ಲಿ ಗಾಡಿ ಬಿಟ್ಟಾಗ ಆದ ಖುಷಿಯನ್ನು ಹೇಗೆ ಹೇಳಲಿ! ಅಷ್ಟು ವರ್ಷ ನನ್ನನ್ನು ದಣಿಸಿದ ಗುಡ್ಡಗಳ ಮೇಲೆ ಸೇಡು ತೀರಿಸಿಕೊಂಡ ಹಾಗಾಗಿತ್ತು.

ಒಂದು ಏರು ಮಾತ್ರ ಬಗ್ಗಲಿಲ್ಲ. ನಗರ ಎಂಬ ಊರಿನ ಕೋಟೆ ದಾಟಿ, ಡಾಂಬರು ಮುಗಿದ ಮೇಲೆ, ಗದ್ದೆಯಂಚಿನಿಂದ ಹೊರಡುವ ಏರು ಅದು. ಏಳು ತಿರುವು. ಮಧ್ಯದಲ್ಲಿ ಮಳೆನೀರು ಕೊರೆದ ಚರಂಡಿ, ಎರಡೂ ಬದಿಗೆ ಉರುಳುವ ಕಲ್ಲು, ಕೊನೆಯ ತಿರುವಿನಲ್ಲಿ ಅಡ್ಡಡ್ಡ ಮಲಗಿದ ಬೇರು. ಹತ್ತುವುದೇ ಇಷ್ಟು ಕಷ್ಟ, ಇಳಿಯುವುದಕ್ಕಂತೂ ಯಾರೂ ಆ ದಾರಿ ಹಿಡಿಯುವುದಿಲ್ಲ. ಗುಡ್ಡದ ಆಚೆಯ ಮಣ್ಣು ರಸ್ತೆಯಲ್ಲಿ ಸುತ್ತಿ ಬರುತ್ತೇವೆ.

ಹೋದ ವರ್ಷ ಆ ಬೇರಿನ ಮೇಲೆ ಜಾರಿ ಬಿದ್ದು ಭುಜದ ಮೂಳೆ ಮುರಿದುಕೊಂಡೆ. ಆರು ವಾರ ಹೆಂಡತಿ ಅನ್ನ ಕಲಸಿ ಕೊಟ್ಟಳು, ಅಂಗಿ ತೊಡಿಸಿದಳು, ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಪಟ್ಟಿ ಬಿಚ್ಚಿದ ದಿನ ತೀರ್ಪು ಕೊಟ್ಟಳು.

"ಬೇಡ ಅಂದ್ರೆ ಕೇಳೋ ಜನ ಅಲ್ಲ ನೀವು. ಇನ್ನೊಂದೇ ಸಲ ಆ ಏರು ಹತ್ತಿ. ಕಾಲು ಊರದೆ ಮೇಲೆ ಮುಟ್ಟಿದ್ರೆ ಗಾಡಿ ಇಟ್ಕೊಳ್ಳಿ, ನಾ ಮಾತಾಡಲ್ಲ. ಊರಿದ್ರೆ ಮಾರಿಬಿಡ್ಬೇಕು. ನನ್ನ ಕೈಲಿ ಇನ್ನೊಂದ್ಸಲ ಇದೆಲ್ಲ ಆಗಲ್ಲ."

ಸಾಕ್ಷಿಯನ್ನೂ ಅವಳೇ ಗೊತ್ತುಮಾಡಿದಳು. ಮೇಳಿಗೆಯಲ್ಲಿ ಜೀಪು ರಿಪೇರಿ ಮಾಡಿಕೊಂಡಿರುವ ನನ್ನ ಗೆಳೆಯ, ನನ್ನ ಜೊತೆ ಗುಡ್ಡ ಹತ್ತುವ ಇನ್ನೊಬ್ಬ ಅರಳುಮರಳಿನವ. ಸುಳ್ಳು ಹೇಳಿದರೆ ಕಿವಿ ಕೆಂಪಾಗುವ ಮನುಷ್ಯ.

ಮಳೆ ಬಿಟ್ಟು, ನೆಲ ಸ್ವಲ್ಪ ಗಟ್ಟಿಯಾದ ಒಂದು ನವೆಂಬರ್ ಬೆಳಿಗ್ಗೆ ಹೊರಟೆವು. ಏರಿನ ಬುಡದಲ್ಲಿ ಒಂದು ದಣಪೆ ಇದೆ, ಎರಡು ಕಂಬಗಳ ತೂತಿಗೆ ಅಡ್ಡಲಾಗಿ ತೂರಿಸಿದ ನಾಲ್ಕು ಬಿದಿರು ಗಳ. ಅದರ ಈಚೆ ಒಬ್ಬ ಅಜ್ಜಿಯ ಗದ್ದೆ, ಆಚೆ ದನ ಮೇಯುವ ಗುಡ್ಡ. ಅವರ ಜಾಗದಲ್ಲಿ ಗಾಡಿ ಬಿಡಲು ಕೇಳಿದಾಗ ಅವರು ಹೇಳಿದ್ದು ಒಂದೇ ಮಾತು: "ಎಷ್ಟಾರ ಓಡಾಡಿ ತಮ್ಮಾ, ದಣಪೆ ಮಾತ್ರ ಹಾಕಿ." ಐದು ವರ್ಷದಿಂದ ನಮ್ಮ ಪದ್ಧತಿ ಒಂದೇ. ಮುಂದೆ ಹೋಗುವ ನಾನು ಗಳ ಸರಿಸುತ್ತೇನೆ, ಹಿಂದೆ ಬರುವ ಅವನು ಮತ್ತೆ ತೂರಿಸುತ್ತಾನೆ.

ಅವತ್ತು ಸಾಕ್ಷಿ ಮೇಲಿನಿಂದ ನೋಡಬೇಕಿತ್ತಲ್ಲ, ಅವನೇ ಗಳ ಸರಿಸಿ ಮುಂದೆ ಹೋದ. ಮೇಲೆ ಮುಟ್ಟಿ ಕೂಗು ಹಾಕಿದ. ನಾನು ಗಾಡಿ ಒದ್ದು, ಫುಟ್‌ರೆಸ್ಟಿನ ಮೇಲೆ ಎದ್ದು ನಿಂತು ಹೊರಟೇಬಿಟ್ಟೆ.

ಆಹಾ, ಆ ಹತ್ತಾಟ! ಮೊದಲ ಮೂರು ತಿರುವು ಹೇಗೆ ಹೋದವೋ ಗೊತ್ತಾಗಲಿಲ್ಲ. ನಾಲ್ಕನೆಯದರಲ್ಲಿ ಹಿಂದಿನ ಚಕ್ರ ಚರಂಡಿಗೆ ಇಳಿಯಿತು. ಕ್ಲಚ್ಚನ್ನು ಎರಡೇ ಬೆರಳಲ್ಲಿ ಹಿಡಿದು, ಎಕ್ಸಿಲರೇಟರ್ ಒಂದು ನೂಲಿನಷ್ಟು ತಿರುಗಿಸಿದೆ, ಹೇಳಿದ ಮಾತು ಕೇಳುವ ಎತ್ತಿನ ಹಾಗೆ ಮೇಲೆ ಬಂತು. ನಾನು ನಗುತ್ತಿದ್ದೆ. ಐದು, ಆರು. ಮುರಿದು ಕೂಡಿದ ಭುಜ ನೋಯಲೇ ಇಲ್ಲ. ಗೆದ್ದೆ ಅನ್ನಿಸಿತು. ಇಷ್ಟು ಚೆನ್ನಾಗಿ ನಾನು ಯಾವತ್ತೂ ಗಾಡಿ ಬಿಟ್ಟಿರಲಿಲ್ಲ.

ಏಳನೆಯ ತಿರುವಿಗೆ ಮುಂಚೆ ದಾರಿ ಒಂದು ಮಾರಿನಷ್ಟು ಸಮವಾಗಿ ಕಣಿವೆಯ ಕಡೆ ಮುಖ ಮಾಡುತ್ತದೆ. ಅಲ್ಲಿಂದ ಕೆಳಗೆ ಅಜ್ಜಿಯ ಗದ್ದೆ ಕಾಣಿಸಿತು. ಕೊಯ್ಲಿಗೆ ಬಂದು ತೆನೆ ಬಾಗಿದ ಗದ್ದೆ. ಅದರ ಬದಿಗೆ ಬಾಯಿ ತೆರೆದುಕೊಂಡ ದಣಪೆ. ಅದರ ಕಡೆಗೆ ಅವಸರವೇ ಇಲ್ಲದೆ ನಡೆದುಬರುತ್ತಿದ್ದ ಐದಾರು ದನ.

ಹಿಂದೆ ಬಂದವನು ನಾನು. ಹಾಕಬೇಕಾದವನೂ ನಾನೇ.

ಮುಂದೆ ಒಂದೇ ತಿರುವು, ಒಂದು ಬೇರು. ಅರ್ಧ ನಿಮಿಷದ ಕೆಲಸ. ಹತ್ತಿ ಮುಗಿಸಿ ಇಳಿಯೋಣ ಎಂಬ ಆಸೆ ಬಂತು, ಸುಳ್ಳು ಯಾಕೆ ಹೇಳಲಿ. ಆದರೆ ಆಚೆಯ ರಸ್ತೆ ಸುತ್ತಿ ಬರುವಷ್ಟರಲ್ಲಿ ದನಗಳು ಅಜ್ಜಿಯ ವರ್ಷದ ಅನ್ನವನ್ನು ಮೇದು ಮುಗಿಸಿರುತ್ತಿದ್ದವು. ನಾನು ಬಲಗಾಲು ಊರಿದೆ. ಊರಿ ಗಾಡಿ ತಿರುಗಿಸಿದೆ.

"ಎಂತ ಮಾರಾಯಾ, ಒಂದೇ ತಿರುವು ಇತ್ತಲ್ಲಾ!" ಎಂದು ಮೇಲಿನಿಂದ ಗೆಳೆಯ ಕಿರುಚಿದ. ಮೈಯನ್ನೆಲ್ಲ ಹಿಂದಕ್ಕೆ ಎಳೆದು, ಫಸ್ಟ್ ಗೇರಿನಲ್ಲಿ, ಬ್ರೇಕನ್ನು ಮುಟ್ಟಿಯೂ ಮುಟ್ಟದ ಹಾಗೆ ಹಿಡಿದು ಕೆಳಗೆ ಬಿಟ್ಟೆ. ಕಲ್ಲುಗಳು ನನಗಿಂತ ಮುಂದೆ ಉರುಳುತ್ತಿದ್ದವು. ಭಯಪಡಲಿಕ್ಕೂ ಸಮಯವಿಲ್ಲ. ಕಣ್ಣೆಲ್ಲ ಆ ದನಗಳ ಮೇಲೆ.

ನಾನು ಮುಟ್ಟುವಾಗ ಒಂದು ಕೆಂದ ಹಸು ಒಳಗೆ ಹೋಗಿ ಬಾಯಿತುಂಬ ತೆನೆ ಕಿತ್ತಾಗಿತ್ತು. ಅದನ್ನು ಹೊರಗಟ್ಟಿ ಗಳ ತೂರಿಸುತ್ತಿದ್ದಾಗ ಅಜ್ಜಿ ಕತ್ತಿ ಹಿಡಿದುಕೊಂಡೇ ಬಂದರು.

"ಊರು ಕೊಳ್ಳೆ ಹೋದ್ಮೇಲೆ ಕೋಟೆ ಬಾಗ್ಲು ಹಾಕಿದ್ರಂತೆ" ಎಂದರು. ಆಮೇಲೆ ತೆನೆ ಕಿತ್ತ ಜಾಗ ನೋಡಿ, "ಒಂದು ಬಾಯಿ ತಿಂದಿದ್ದು ಬಿಡಿ. ಕೂತ್ಕಳಿ, ಮಜ್ಜಿಗೆ ತರ್ತೀನಿ" ಎಂದರು. ನನಗೆ ನಾಚಿಕೆಯೂ ಆಯಿತು, ಗಾಡಿ ಹೋಯಿತಲ್ಲ ಎಂದು ಅಳುವೂ ಬಂತು.

ಮಧ್ಯಾಹ್ನ ಮನೆಯ ಜಗುಲಿಯಲ್ಲಿ ವಿಚಾರಣೆ. ನಾನೇ ಮೊದಲು ಹೇಳಿದೆ, "ಊರಿದೆ. ಬಲಗಾಲು." ನಡೆದದ್ದನ್ನೆಲ್ಲ ಹೇಳಿದೆ. ಹೆಂಡತಿ ಸೊಪ್ಪು ಸೋಸುವುದನ್ನು ನಿಲ್ಲಿಸಲಿಲ್ಲ.

"ಹಂಗಾದ್ರೆ ಕೆಳಗೆ ಹೆಂಗೆ ಬಂದ್ರಿ?" ಎಂದಳು.

"ಅದೇ ದಾರೀಲಿ."

"ಗಾಡಿ ತಳ್ಕೊಂಡಾ?"

"ಇಲ್ಲ ಅತ್ತಿಗೆ, ಗಾಡಿ ಮೇಲೆ ನಿಂತ್ಕೊಂಡೇ" ಎಂದ ಗೆಳೆಯ. "ಆರೂ ತಿರುವು. ನಾ ನೋಡ್ತಾನೇ ಇದ್ದೆ. ಇಳೀವಾಗ ಒಂದ್ಸಲನೂ ಕಾಲು ಊರ್ಲಿಲ್ಲ."

ಅವನ ಕಿವಿ ಕೆಂಪಾಗಿರಲಿಲ್ಲ. ಅವಳೂ ಅದನ್ನೇ ನೋಡಿದಳು. ನನಗೂ ಆಗಲೇ ಹೊಳೆದದ್ದು, ಯಾರೂ ಇಳಿಯದ ದಾರಿಯಲ್ಲಿ ನಾನು ಇಳಿದುಬಂದಿದ್ದೆ. ಎದೆ ಆಗ ಹೊಡೆದುಕೊಂಡಷ್ಟು ಗುಡ್ಡದ ಮೇಲೂ ಹೊಡೆದುಕೊಂಡಿರಲಿಲ್ಲ.

"ಇಳಿಯೋ ಮಾತು ಆಡಿರ್ಲಿಲ್ಲ ನಾವು. ಹತ್ತೋ ಮಾತು ಆಡಿದ್ದು" ಎಂದಳು ಹೆಂಡತಿ.

ನಾನು ತಲೆಯಾಡಿಸಿದೆ. ಅವಳು ಸೊಪ್ಪಿನ ಮೊರ ಎತ್ತಿಕೊಂಡು ಒಳಗೆ ಹೊರಟವಳು ಬಾಗಿಲಲ್ಲಿ ನಿಂತಳು.

"ಬರೋ ಭಾನುವಾರ ಇನ್ನೊಂದ್ಸಲ ಹತ್ತಿ. ನಾನೂ ಬರ್ತೀನಿ. ದಣಪೆ ನಾ ಹಾಕ್ತೀನಿ."